ಹೈರಾರ್ಕಿ: ಯಾವುದರ ಮೇಲೆ ಯಾವುದು, ಯಾವ ಲೆಕ್ಕದಲ್ಲಿ?

ಪ್ರಶ್ನೆ: ನಾನು ಠಾಣೆಯವನು, ಐರೋಲಿಯ ಒಂದು ಆಫೀಸಿನಲ್ಲಿ ಕೆಲಸ. ಈ ಸಲದ ಅಪ್ರೈಸಲ್‌ನಲ್ಲಿ ‘ನೀಡ್ಸ್ ಟು ರೆಸ್ಪೆಕ್ಟ್ ಹೈರಾರ್ಕಿ’ ಎಂಬ ಒಂದು ಸಾಲು ಬಂದಿದೆ. ಯಾರಿಗೂ ಎದುರು ಮಾತಾಡಿದವನಲ್ಲ ನಾನು. ಇತ್ತ ನಮ್ಮ ಕನ್ನಡ ಸಂಘದ ಬೈಲಾವನ್ನು ಇಂಗ್ಲಿಷ್, ಕನ್ನಡ ಎರಡರಲ್ಲೂ ಹೊಸದಾಗಿ ಬರೆಯುವ ಕೆಲಸ ನನ್ನ ಪಾಲಿಗೆ ಬಂದಿದೆ. ಅಲ್ಲೂ ‘ಹೈರಾರ್ಕಿ ಆಫ್ ಆಫೀಸ್ ಬೇರರ್ಸ್’ ಎಂಬ ತಲೆಬರಹವಿದೆ. ಹೈರಾರ್ಕಿ ಎಂದರೆ ಸೀನಿಯಾರಿಟಿಯೇ? ‘ಹಿ ಈಸ್ ಮೈ ಹೈರಾರ್ಕಿ’ ಎಂದು ಸಹೋದ್ಯೋಗಿಗಳು ಹೇಳುವುದು ಸರಿಯೇ? ಉಚ್ಚಾರ ಹೇಗೆ? ಕನ್ನಡದಲ್ಲಿ ‘ಶ್ರೇಣಿ’ ಎಂದರೆ ಸಾಕೇ? ‘ತಾರತಮ್ಯ’ ಎಂದು ಹಾಕಿ ಅಂತ ಸಂಘದ ಹಿರಿಯರೊಬ್ಬರು ಹೇಳುತ್ತಿದ್ದಾರೆ, ಅದು ಆದೀತೇ?

ಉತ್ತರ: ಮೊದಲು ಚುಟುಕಾಗಿ ಹೇಳಿಬಿಡುತ್ತೇನೆ. ಹಲವು ಹಂತಗಳು ಒಂದರ ಮೇಲೊಂದು ಕೂತು ಆದ ಇಡೀ ಏರ್ಪಾಡಿಗೆ ಹೈರಾರ್ಕಿ ಎಂದು ಹೆಸರು. ಒಬ್ಬ ವ್ಯಕ್ತಿಗಾಗಲಿ ಒಂದು ಹುದ್ದೆಗಾಗಲಿ ಆ ಹೆಸರು ಸಲ್ಲುವುದಿಲ್ಲ. ಆದ್ದರಿಂದ ‘ಹಿ ಈಸ್ ಮೈ ಹೈರಾರ್ಕಿ’ ತಪ್ಪು. ಸೀನಿಯಾರಿಟಿ ಬೇರೆಯೇ ವಿಷಯ. ‘ತಾರತಮ್ಯ’ ಎಂಬ ಸೂಚನೆಯ ಹಿಂದೆ ಪಾಂಡಿತ್ಯವಿದೆ, ಆದರೆ ಬೈಲಾದಲ್ಲಿ ಹಾಕಿದರೆ ಜಗಳ ಗ್ಯಾರಂಟಿ. ‘ಶ್ರೇಣಿ’ ಹತ್ತಿರದ ಪದ, ಒಂಟಿಯಾಗಿ ನಿಲ್ಲಿಸಿದರೆ ಸಾಲದು. ಈ ಪದ ಎದುರಾದಾಗಲೆಲ್ಲ ಕೇಳಬೇಕಾದ್ದು ಒಂದೇ ಪ್ರಶ್ನೆ: ಮೇಲೆ, ಕೆಳಗೆ ಎಂದು ಇಟ್ಟಿರುವುದು ಯಾವ ಲೆಕ್ಕದಲ್ಲಿ? ಆಜ್ಞೆಯ ಲೆಕ್ಕವೇ, ಮರ್ಯಾದೆಯ ಲೆಕ್ಕವೇ, ಒಂದರೊಳಗೆ ಇನ್ನೊಂದು ಅಡಗುವ ಲೆಕ್ಕವೇ, ಮಹತ್ವದ ಲೆಕ್ಕವೇ? ಇಂಗ್ಲಿಷಿನಲ್ಲಿ ಈ ನಾಲ್ಕಕ್ಕೂ ಇದೊಂದೇ ಪದ ದುಡಿಯುತ್ತದೆ. ಗೊಂದಲವೆಲ್ಲ ಹುಟ್ಟುವುದು ಅಲ್ಲಿಂದಲೇ.

ಉಚ್ಚಾರ ‘ಹೈ-ಅ-ರಾರ್-ಕಿ’. ಒತ್ತು ಮೊದಲ ‘ಹೈ’ ಮೇಲೆ. ಬ್ರಿಟಿಷರ ಬಾಯಲ್ಲಿ ಎರಡನೆಯ ‘ರ್’ ಕೇಳಿಸುವುದಿಲ್ಲ, ‘ಹೈಅರಾಕಿ’ ಎಂದಾಗುತ್ತದೆ. ಅಮೆರಿಕನ್ನರು ಅದನ್ನು ಬಿಡಿಸಿ ಹೇಳುತ್ತಾರೆ. ಎರಡೂ ಸರಿಯೇ. ನಮ್ಮಲ್ಲಿ ಕೇಳಿಬರುವ ‘ಹಿರಾರ್ಕಿ’, ‘ಹೆರಾರ್ಚಿ’ ಮಾತ್ರ ಸರಿಯಲ್ಲ. ಸಿ-ಎಚ್ ಜೋಡಿ ಇಲ್ಲಿ ‘ಕ’ ಆಗುತ್ತದೆ, ಮೊನಾರ್ಕಿ, ಆರ್ಕಿಟೆಕ್ಟ್‌ಗಳಲ್ಲಿ ಆದಂತೆ. ವಿಶೇಷಣ ‘ಹೈರಾರ್ಕಿಕಲ್’ ಆದಾಗ ಒತ್ತು ‘ರಾರ್’ ಮೇಲಕ್ಕೆ ಜಾರುತ್ತದೆ. ಕಾಗುಣಿತದಲ್ಲಿ ಎಡವುವ ಜಾಗ ಮೂರು. ‘ಏರ್’, ಅಂದರೆ ವಾರಸುದಾರ ಎಂಬ ಪದದ ನೆನಪಿನಲ್ಲಿ ಎಚ್-ಇ-ಐ-ಆರ್ ಎಂದು ಶುರು ಮಾಡುವುದು ಒಂದು; ಆ ಪದಕ್ಕೂ ಇದಕ್ಕೂ ಸಂಬಂಧವಿಲ್ಲ. ‘ಹೈಯರ್’, ಅಂದರೆ ‘ಇನ್ನೂ ಎತ್ತರದ’ ಎಂಬ ಪದ ಇದರೊಳಗಿದೆ ಎಂದುಕೊಳ್ಳುವುದು ಇನ್ನೊಂದು, ಅದೂ ಇಲ್ಲ. ಮೂರನೆಯದು, ಎರಡು ‘ಆರ್’ಗಳಲ್ಲಿ ಒಂದನ್ನು ನುಂಗಿಬಿಡುವುದು. ಪದವನ್ನು ಎರಡು ತುಂಡು ಮಾಡಿ: ಎಚ್-ಐ-ಇ-ಆರ್ ಒಂದು, ಎ-ಆರ್-ಸಿ-ಎಚ್-ವೈ ಇನ್ನೊಂದು. ಎರಡನೆಯ ತುಂಡು ಮೊನಾರ್ಕಿಯ ಬಾಲವೇ. ಹೀಗೆ ಬರೆದರೆ ತಪ್ಪಲು ಜಾಗ ಉಳಿಯುವುದಿಲ್ಲ.

ಆ ಎರಡು ತುಂಡುಗಳು ಗ್ರೀಕಿನವು. ‘ಹಿಯೆರೊಸ್’ ಎಂದರೆ ಪವಿತ್ರ, ‘ಆರ್ಖೆಯ್ನ್’ ಎಂದರೆ ಆಳು. ಹಿಯೆರಾರ್ಖೆಸ್ ಎಂದರೆ ಪವಿತ್ರ ವಿಧಿಗಳ ಮುಖ್ಯಸ್ಥ, ಪ್ರಧಾನ ಅರ್ಚಕ. ಕ್ರಿಸ್ತಶಕ 500ರ ಆಸುಪಾಸಿನಲ್ಲಿ, ಡಯೊನೀಸಿಯಸ್ ಎಂಬ ಹಳೆಯ ಸಂತನ ಹೆಸರಿಟ್ಟುಕೊಂಡು ಬರೆದ ಒಬ್ಬ ಕ್ರೈಸ್ತ ಚಿಂತಕ ದೇವದೂತರನ್ನು ಮೂರು ಮೂರರ ಮೂರು ಗುಂಪು ಮಾಡಿ ಒಂಬತ್ತು ಮೆಟ್ಟಿಲಲ್ಲಿ ನಿಲ್ಲಿಸಿದ. ಅದಕ್ಕೆ ಈ ಹೆಸರು ಅಂಟಿತು. ಹೆಸರಿನಲ್ಲಿ ದೊಡ್ಡದಾಗಿ ಕೇಳಿಸುವ ಆರ್ಕ್‌ಏಂಜಲ್, ಅಂದರೆ ಪ್ರಧಾನ ದೇವದೂತ, ಆ ಪಟ್ಟಿಯಲ್ಲಿ ಕೆಳಗಿನಿಂದ ಎರಡನೆಯವನು, ಅದೊಂದು ತಮಾಷೆ. ಇಂಗ್ಲಿಷಿಗೆ ಪದ ಬಂದದ್ದು 14ನೇ ಶತಮಾನದ ಕೊನೆಗೆ, ದೇವದೂತರ ಸಾಲಿಗೆ ಹೆಸರಾಗಿ. ಆಮೇಲೆ ಪಾದ್ರಿಗಳ ಸಾಲಿಗೆ ಸಂದಿತು. ಯಾವುದೇ ಮೆಟ್ಟಿಲು ಮೆಟ್ಟಿಲಾದ ಏರ್ಪಾಡಿಗೆ ಅನ್ವಯಿಸತೊಡಗಿದ್ದು 17ನೇ ಶತಮಾನದಲ್ಲಿ.

ಪಾದ್ರಿಗಳ ಸಾಲು ಎಂದೆನಲ್ಲ, ಅದನ್ನು ನೋಡಬೇಕೆಂದರೆ ಗೋವಾ ಹತ್ತಿರವೇ ಇದೆ. ಗೋವಾ ಧರ್ಮಪ್ರಾಂತ್ಯ, ಅಂದರೆ ಒಬ್ಬ ಬಿಷಪ್‌ನ ಆಡಳಿತಕ್ಕೆ ಸೇರಿದ ಪ್ರದೇಶ, 1533ರದು, 1557ರಲ್ಲಿ ಮಹಾಧರ್ಮಪ್ರಾಂತ್ಯವಾಯಿತು. ಕ್ಯಾಥೊಲಿಕ್ ದೀಕ್ಷೆಯ ಲೆಕ್ಕದಲ್ಲಿ ಇರುವುದು ಮೂರೇ ಮೆಟ್ಟಿಲು: ಡೀಕನ್, ಪಾದ್ರಿ, ಬಿಷಪ್. ಆರ್ಚ್‌ಬಿಷಪ್ ಎಂಬುದು ದೀಕ್ಷೆಯ ಹೊಸ ಮೆಟ್ಟಿಲಲ್ಲ, ಆಡಳಿತದ ಸ್ಥಾನ. ಗೋವಾದ ಆರ್ಚ್‌ಬಿಷಪ್ ಫಿಲಿಪ್ ನೇರಿ ಫೆರಾವೊ 2022ರ ಆಗಸ್ಟಿನಲ್ಲಿ ಕಾರ್ಡಿನಲ್ ಆದರು. ಪೋಪ್ ಆಯ್ಕೆಯ ಸಭೆಯಲ್ಲಿ ಕೂರುವ ಗೌರವ ಆ ಪದವಿಯಿಂದ ಬರುತ್ತದೆಯೇ ಹೊರತು, ಗೋವಾದ ಒಬ್ಬ ಪಾದ್ರಿಯ ಮೇಲೆ ಅವರಿಗಿರುವ ಅಧಿಕಾರ ಅದರಿಂದ ಒಂದು ಕೂದಲಷ್ಟೂ ಹೆಚ್ಚಲಿಲ್ಲ. ಅವರಿಗೆ ‘ಪೂರ್ವ ಇಂಡೀಸ್‌ನ ಪೇಟ್ರಿಯಾರ್ಕ್’ ಎಂಬ ಬಿರುದೂ ಇದೆ. ಮುಂಬಯಿಯ ಆರ್ಚ್‌ಬಿಷಪ್ ಅದರಿಂದಾಗಿ ಅವರ ಕೈಕೆಳಗೆ ಬರುವುದಿಲ್ಲ. ನೋಡಿ, ಒಬ್ಬರದೇ ಹೆಸರಿನ ಹಿಂದೆ ಮೂರು ಬೇರೆ ಬೇರೆ ಏಣಿಗಳು: ದೀಕ್ಷೆಯದು, ಆಡಳಿತದ್ದು, ಗೌರವದ್ದು. ಪದ ಹುಟ್ಟಿದ ಮನೆಯಲ್ಲೇ ಈ ಕಥೆ.

ಈಗ ವ್ಯಾಕರಣ. ಹೈರಾರ್ಕಿ ಎಣಿಸಬಲ್ಲ ನಾಮಪದ: ಎ ಹೈರಾರ್ಕಿ, ದ ಹೈರಾರ್ಕಿ, ಹೈರಾರ್ಕೀಸ್. ಅದರ ಜೊತೆ ಬರುವ ಸಣ್ಣ ಪದಗಳು ಇನ್, ವಿದಿನ್, ಅಪ್, ಡೌನ್. ‘ಹಿ ಈಸ್ ಅಬೌವ್ ಮಿ ಇನ್ ದ ಹೈರಾರ್ಕಿ’ ಎಂದರೆ ಸರಿಯಾಯಿತು. ‘ಹಿ ಈಸ್ ಮೈ ಹೈರಾರ್ಕಿ’ ಎನ್ನುವ ಕಡೆ ಬೇಕಿರುವುದು ಮ್ಯಾನೇಜರ್, ಸುಪೀರಿಯರ್ ಅಥವಾ ಬಾಸ್. ‘ಐ ವಿಲ್ ಕಂಪ್ಲೇನ್ ಟು ಹೈಯರ್ ಹೈರಾರ್ಕಿ’ ಎಂಬುದು ನಮ್ಮ ಕಡೆಯ ಪತ್ರಗಳಲ್ಲಿ ಪದೇ ಪದೇ ಕಾಣುವ ಇನ್ನೊಂದು ಎಡವಟ್ಟು. ಅಲ್ಲಿ ಹೇಳಬೇಕಾದ್ದು ‘ಹೈಯರ್ ಅಥಾರಿಟೀಸ್’. ಏಣಿಗೆ ಎತ್ತರದ ಏಣಿ ಎಂಬುದಿಲ್ಲ, ಏಣಿಯಲ್ಲಿ ಎತ್ತರದ ಮೆಟ್ಟಿಲು ಇರುತ್ತದೆ ಅಷ್ಟೇ. ಫ್ರೆಂಚರಲ್ಲಿ ಮೇಲಧಿಕಾರಿಗಳನ್ನೆಲ್ಲ ಸೇರಿಸಿ ‘ನನ್ನ ಹೈರಾರ್ಕಿ’ ಎನ್ನುವ ರೂಢಿಯುಂಟು. ಪುಣೆಯಲ್ಲಿ ಫ್ರೆಂಚ್ ಕಂಪನಿಗಳ ಜೊತೆ ಕೆಲಸ ಮಾಡುವವರಿಗೆ ಅಂಥ ಮೇಲ್ ಬಂದಿರಬಹುದು. ಅದನ್ನು ಕಂಡು ಇಂಗ್ಲಿಷಿನಲ್ಲೂ ಸರಿ ಎಂದುಕೊಳ್ಳಬೇಡಿ.

ವ್ಯಕ್ತಿಗಳಿಗೆ ಈ ಪದ ಸಲ್ಲುವ ಒಂದು ಬಳಕೆ ಮಾತ್ರ ಇಂಗ್ಲಿಷಿನಲ್ಲೂ ಇದೆ. ‘ದ ಪಾರ್ಟಿ ಹೈರಾರ್ಕಿ ಹ್ಯಾಸ್ ಡಿಸೈಡೆಡ್’ ಎಂದರೆ ಪಕ್ಷದ ಮೇಲ್ಪಂಕ್ತಿಯ ನಾಯಕರೆಲ್ಲ ಸೇರಿ ತೀರ್ಮಾನಿಸಿದ್ದಾರೆ ಎಂದರ್ಥ. ನಾವು ಹೈಕಮಾಂಡ್ ಎನ್ನುತ್ತೇವಲ್ಲ, ಸರಿಸುಮಾರು ಅದು. ಆದರೆ ಅದೂ ಗುಂಪಿಗೆ ಸಂದ ಹೆಸರು, ಒಬ್ಬರದಲ್ಲ. ‘ಫ್ಲಾಟ್ ಹೈರಾರ್ಕಿ’ ಎಂದರೆ ಮೆಟ್ಟಿಲುಗಳು ಕಡಿಮೆ ಎಂದು, ಮೆಟ್ಟಿಲೇ ಇಲ್ಲ ಎಂದಲ್ಲ. ಕಂಪನಿಯೊಂದನ್ನು ‘ವೆರಿ ಹೈರಾರ್ಕಿಕಲ್’ ಎಂದರೆ ಹೊಗಳಿಕೆ ಎಂದು ಯಾರೂ ತಿಳಿಯುವುದಿಲ್ಲ. ಸಣ್ಣ ರಜೆಗೂ ನಾಲ್ಕು ಸಹಿ ಬೇಕಾದ ಜಾಗ ಎಂಬ ಧ್ವನಿ ಅದರಲ್ಲಿದೆ. ಬರೀ ಅಕ್ಷರಕ್ರಮದ ಪಟ್ಟಿ, ತಾರೀಖಿನ ಕ್ರಮದ ಪಟ್ಟಿ ಇವಕ್ಕೆ ಈ ಪದ ಸಲ್ಲದು. ಒಂದರ ಹಿಂದೆ ಒಂದು ಬಂದರೆ ಸರದಿ. ಒಂದರ ಮೇಲೆ ಒಂದು ನಿಂತರೆ ಮಾತ್ರ ಹೈರಾರ್ಕಿ.

ಇನ್ನು ಆ ನಾಲ್ಕು ಲೆಕ್ಕಗಳು.

ಆಜ್ಞೆಯ ಲೆಕ್ಕ ಎಲ್ಲರಿಗೂ ಗೊತ್ತಿರುವಂಥದು, ಆದರೆ ಎಲ್ಲರೂ ಅದನ್ನು ಮರ್ಯಾದೆಯ ಲೆಕ್ಕದ ಜೊತೆ ಕಲಸಿಬಿಡುತ್ತಾರೆ. ಪುಣೆಯಲ್ಲಿ ಸೇನೆಯ ದಕ್ಷಿಣ ಕಮಾಂಡಿನ ಕೇಂದ್ರ ಕಚೇರಿ ಇದೆ. ಅಲ್ಲಿನ ಕ್ಯಾಂಪಿನ ರಸ್ತೆಯಲ್ಲಿ ಒಬ್ಬ ಕ್ಯಾಪ್ಟನ್‌ಗೆ ಬೇರೆ ಯೂನಿಟ್ಟಿನ ಮೇಜರ್ ಎದುರಾದರೆ ಸೆಲ್ಯೂಟ್ ಹೊಡೆಯಬೇಕು. ಅದು ರ‍್ಯಾಂಕಿನ ಹೈರಾರ್ಕಿ. ಆದರೆ ಆ ಕ್ಯಾಪ್ಟನ್‌ನ ರಜೆ ಮಂಜೂರು ಮಾಡುವುದು, ಡ್ಯೂಟಿ ಹಾಕುವುದು ಅವನ ಸ್ವಂತ ಯೂನಿಟ್ಟಿನ ಕಮಾಂಡಿಂಗ್ ಆಫೀಸರ್. ಅದಕ್ಕೆ ಚೈನ್ ಆಫ್ ಕಮಾಂಡ್ ಎಂದು ಬೇರೆ ಹೆಸರಿದೆ. ದಾರಿಯಲ್ಲಿ ಸಿಕ್ಕ ಮೇಜರ್ ಅವನಿಗಿಂತ ಮೇಲಿನವನು ಹೌದು, ಅವನ ಮೇಲಿನವನು ಅಲ್ಲ. ‘ಅವನಿಗಿಂತ ಮೇಲೆ’, ‘ಅವನ ಮೇಲೆ’ ಎಂಬ ಈ ಸಣ್ಣ ಭೇದ ಕನ್ನಡದಲ್ಲಿ ಎಷ್ಟು ಚೆನ್ನಾಗಿ ನಿಲ್ಲುತ್ತದೆ ಗಮನಿಸಿ. ಬೈಲಾ ಬರೆಯುವಾಗ ಕೈಗೆ ಬರುತ್ತದೆ.

ಮರ್ಯಾದೆಯ ಲೆಕ್ಕಕ್ಕೆ ದೇಶದ ಅಗ್ರತಾ ಪಟ್ಟಿಯೇ ಸಾಕು. ಅದರಲ್ಲಿ ರಾಷ್ಟ್ರಪತಿ ಮೊದಲು, ಉಪರಾಷ್ಟ್ರಪತಿ ಎರಡನೆಯವರು, ಪ್ರಧಾನಮಂತ್ರಿ ಮೂರನೆಯವರು. ತಮ್ಮ ರಾಜ್ಯದೊಳಗೆ ರಾಜ್ಯಪಾಲರದು ನಾಲ್ಕನೆಯ ಸ್ಥಾನ, ಮುಖ್ಯಮಂತ್ರಿಯದು ಏಳನೆಯದು. ಇದನ್ನು ಅಧಿಕಾರದ ಪಟ್ಟಿ ಎಂದು ಓದಿದವನಿಗೆ ದೇಶ ನಡೆಯುವ ಬಗೆ ತಲೆಕೆಳಗಾಗಿ ಕಾಣುತ್ತದೆ. ಸಮಾರಂಭದಲ್ಲಿ ಯಾರ ಕುರ್ಚಿ ಎಲ್ಲಿ, ಯಾರನ್ನು ಮೊದಲು ಬರಮಾಡಿಕೊಳ್ಳಬೇಕು ಎಂಬುದಕ್ಕಷ್ಟೇ ಆ ಪಟ್ಟಿ. ಮುಂಬಯಿ ಮಹಾನಗರಪಾಲಿಕೆಯಲ್ಲೂ ಇದೇ ನೋಟ. ಮೇಯರ್ ನಗರದ ಪ್ರಥಮ ಪ್ರಜೆ, ಸಾಮಾನ್ಯ ಸಭೆಯ ಅಧ್ಯಕ್ಷತೆ ಅವರದು. ಕಾರ್ಯಾಂಗದ ಅಧಿಕಾರ ಮಾತ್ರ 1888ರ ಕಾಯ್ದೆಯಂತೆ ಕಮಿಷನರ್ ಕೈಯಲ್ಲಿ. ಅವರನ್ನು ನೇಮಿಸುವುದು ರಾಜ್ಯ ಸರ್ಕಾರ. ವಾರ್ಡ್ ಆಫೀಸಿನ ಅಸಿಸ್ಟೆಂಟ್ ಕಮಿಷನರ್ ಲೆಕ್ಕ ಒಪ್ಪಿಸಬೇಕಾದ ಸಾಲು ಡೆಪ್ಯುಟಿ, ಅಡಿಷನಲ್ ಎಂದು ಏರುತ್ತ ಕಮಿಷನರ್‌ಗೆ ಮುಟ್ಟುತ್ತದೆ, ಮೇಯರ್‌ಗಲ್ಲ. ಗಟಾರದ ದೂರನ್ನು ನೇರ ಮೇಯರ್‌ಗೆ ಬರೆದು ಕಾಯುವವರು ಕುರ್ಚಿಯ ಏಣಿಯನ್ನು ಆಜ್ಞೆಯ ಏಣಿ ಎಂದುಕೊಂಡಿರುತ್ತಾರೆ.

ನ್ಯಾಯಾಲಯಗಳದು ಸ್ವಲ್ಪ ಸೂಕ್ಷ್ಮ. ‘ಹೈರಾರ್ಕಿ ಆಫ್ ಕೋರ್ಟ್ಸ್’ ಎಂದರೆ ಮುಖ್ಯವಾಗಿ ಅಪೀಲಿನ ದಾರಿ, ಯಾರ ತೀರ್ಪು ಯಾರನ್ನು ಕಟ್ಟಿಹಾಕುತ್ತದೆ ಎಂಬ ಲೆಕ್ಕ. ಜಿಲ್ಲಾ ನ್ಯಾಯಾಲಯಗಳ ಮೇಲೆ ಹೈಕೋರ್ಟಿಗೆ ಮೇಲ್ವಿಚಾರಣೆಯ ಅಧಿಕಾರವೂ ಇದೆ. ಸುಪ್ರೀಂ ಕೋರ್ಟು ಹೈಕೋರ್ಟಿನ ತೀರ್ಪನ್ನು ರದ್ದು ಮಾಡಬಲ್ಲದು, ಆದರೆ ಅದೇ ಬಗೆಯ ಆಡಳಿತದ ಮೇಲ್ವಿಚಾರಣೆ ಅದಕ್ಕಿಲ್ಲ. ಬಾಂಬೆ ಹೈಕೋರ್ಟಿನ ಗೋವಾ ಪೀಠ, ನಾಗಪುರ ಪೀಠ, ಔರಂಗಾಬಾದ್ ಪೀಠಗಳನ್ನು ಮುಂಬಯಿಯ ಮುಖ್ಯ ಪೀಠಕ್ಕಿಂತ ಒಂದು ಮೆಟ್ಟಿಲು ಕೆಳಗೆ ಎಂದು ಭಾವಿಸುವವರು ಬಹಳ. ಕೆಳಗಲ್ಲ, ಎಲ್ಲ ಒಂದೇ ಮೆಟ್ಟಿಲು, ಜಾಗ ಬೇರೆ ಬೇರೆ. ಸೊಲ್ಲಾಪುರ, ಸಾಂಗ್ಲಿ ಕಡೆಯ ಕನ್ನಡಿಗರ ಕೇಸುಗಳು 2025ರ ಆಗಸ್ಟಿನಿಂದ ಕೊಲ್ಹಾಪುರದ ಸರ್ಕ್ಯೂಟ್ ಪೀಠಕ್ಕೆ ಹೋಗತೊಡಗಿವೆ. ಅಲ್ಲಿ ಸೋತರೆ ಮುಂಬಯಿ ಪೀಠಕ್ಕೆ ಅಪೀಲು ಎಂಬ ದಾರಿ ಅದರಿಂದ ಹುಟ್ಟುವುದಿಲ್ಲ.

ಒಂದರೊಳಗೆ ಇನ್ನೊಂದು ಅಡಗುವ ಲೆಕ್ಕದಲ್ಲಿ ಯಾರೂ ಯಾರಿಗೂ ಆಜ್ಞೆ ಮಾಡುವುದಿಲ್ಲ. ಗೋವಾದ ಗೇರು ಮರ ಮತ್ತು ಮಾವಿನ ಮರ ಬೇರೆ ಬೇರೆ ಕುಲದವು, ಆದರೆ ಎರಡೂ ಅನಕಾರ್ಡಿಯೇಸಿ ಎಂಬ ಒಂದೇ ಕುಟುಂಬಕ್ಕೆ ಸೇರುತ್ತವೆ. ಪ್ರಭೇದ ಕುಲದೊಳಗೆ, ಕುಲ ಕುಟುಂಬದೊಳಗೆ, ಕುಟುಂಬ ಗಣದೊಳಗೆ. ಪಕ್ಕದಲ್ಲೇ ಬೆಳೆಯುವ ಪುನರ್ಪುಳಿ ಈ ಕುಟುಂಬಕ್ಕೆ ಹೊರಗಿನದು. ಇಲ್ಲಿ ಮೇಲಿನ ಹಂತ ಎಂದರೆ ಹೆಚ್ಚು ವಿಶಾಲವಾದದ್ದು, ಅಷ್ಟೇ. ಕಂಪ್ಯೂಟರಿನ ಫೋಲ್ಡರುಗಳೂ ಇದೇ ಜಾತಿ. ಸಾಫ್ಟ್‌ವೇರ್ ಜನಕ್ಕೆ ಒಂದು ಮಾತು: ಕಟ್ಟುನಿಟ್ಟಾದ ಹೈರಾರ್ಕಿಯಲ್ಲಿ ತುತ್ತತುದಿಯದನ್ನು ಬಿಟ್ಟು ಪ್ರತಿಯೊಂದು ನೋಡ್‌ಗೂ, ಅಂದರೆ ಪ್ರತಿಯೊಂದು ಅಂಶಕ್ಕೂ, ಒಂದೇ ಪೇರೆಂಟ್, ಅಂದರೆ ನೇರ ಮೇಲಿನದು ಒಂದೇ, ಇರಬೇಕು, ಸುತ್ತಿ ಬಳಸಿ ತನಗೇ ತಾನು ಪೇರೆಂಟ್ ಆಗಕೂಡದು. ಉದ್ಯೋಗಿಗಳ ಟೇಬಲ್ಲಿನಲ್ಲಿ ಮ್ಯಾನೇಜರ್ ಐಡಿ ಕಾಲಮ್ ತುಂಬುವಾಗ ‘ಎ’ಗೆ ‘ಬಿ’ ಮ್ಯಾನೇಜರ್, ‘ಬಿ’ಗೆ ‘ಎ’ ಮ್ಯಾನೇಜರ್ ಎಂದು ಬಿದ್ದರೆ ರಿಪೋರ್ಟು ಕೊನೆಯಿಲ್ಲದೆ ಸುತ್ತುತ್ತದೆ, ಇಲ್ಲವೇ ಎರರ್ ಕೊಟ್ಟು ನಿಲ್ಲುತ್ತದೆ. ಒಬ್ಬನಿಗೆ ಪ್ರಾಜೆಕ್ಟಿನ ಬಾಸ್ ಒಬ್ಬರು, ವಿಭಾಗದ ಬಾಸ್ ಇನ್ನೊಬ್ಬರು ಇರುವ ಕಂಪನಿಗಳಲ್ಲಿರುವುದು ನಿಜಕ್ಕೂ ಮ್ಯಾಟ್ರಿಕ್ಸ್. ಅದನ್ನು ಹೈರಾರ್ಕಿ ಎಂದು ಕರೆದು ಒಂದೇ ಕಾಲಮ್ಮಿಗೆ ತುರುಕಲು ಹೋದಾಗ ಇಬ್ಬರಲ್ಲೊಬ್ಬ ಬಾಸ್ ಚಾರ್ಟಿನಿಂದ ಮಾಯವಾಗುತ್ತಾರೆ.

ಮಹತ್ವದ ಲೆಕ್ಕದಲ್ಲಿ ಜನ ಎಡವುವುದು ಚಿತ್ರ ಓದುವಾಗ. ಮನೋವಿಜ್ಞಾನಿ ಮ್ಯಾಸ್ಲೊ 1943ರಲ್ಲಿ ಹೇಳಿದ ‘ಹೈರಾರ್ಕಿ ಆಫ್ ನೀಡ್ಸ್’, ಅಂದರೆ ಮನುಷ್ಯನ ಅಗತ್ಯಗಳ ಏಣಿ, ಇದೆಯಲ್ಲ, ಅದನ್ನು ಎಲ್ಲರೂ ನೋಡಿರುವುದು ಪಿರಮಿಡ್ ಆಗಿ. ಆ ಪಿರಮಿಡ್ ಅವರು ಬರೆದದ್ದಲ್ಲ, ಆಮೇಲೆ ಬೇರೆಯವರು ಏರಿಸಿದ್ದು. ಅದರಲ್ಲಿ ಮೊದಲು ತೀರಬೇಕಾದ್ದು ಅನ್ನ, ನೀರು, ನಿದ್ದೆ, ಅವು ಬುಡದಲ್ಲಿವೆ. ಇದೇ ಕಣ್ಣಿನಲ್ಲಿ ಪುಣೆ ಬಳಿಯ ಭೋಸರಿ, ಚಾಕಣ ಕಡೆಯ ಕಾರ್ಖಾನೆಗಳ ಗೋಡೆಯ ಮೇಲಿನ ‘ಹೈರಾರ್ಕಿ ಆಫ್ ಕಂಟ್ರೋಲ್ಸ್’, ಅಂದರೆ ಕೆಲಸದ ಅಪಾಯ ತಡೆಯುವ ಕ್ರಮಗಳ ಚಾರ್ಟ್ ಓದಿದರೆ ಕೆಟ್ಟಿರಿ. ಅದು ತಲೆಕೆಳಗಾದ ತ್ರಿಕೋನ, ಮೊದಲು ಮಾಡಬೇಕಾದ್ದು ಮೇಲೆ. ಪೇಂಟ್ ಶಾಪಿನ ತಿನ್ನರ್ ಹೊಗೆಯನ್ನೇ ತೆಗೆದುಕೊಳ್ಳಿ. ಕಣ್ಣಿಗೆ ಕಾಣದ ಭಾಗಕ್ಕೆ ಪೇಂಟ್ ಬೇಕೇ ಎಂದು ನೋಡಿ, ಬೇಡವಾದರೆ ಆ ಕೆಲಸವನ್ನೇ ಕೈಬಿಡುವುದು ಮೊದಲನೆಯದು. ತಿನ್ನರ್ ಪೇಂಟಿನ ಬದಲು ನೀರಿನ ಪೇಂಟ್ ತರುವುದು ಎರಡನೆಯದು. ಹೊಗೆಯನ್ನು ಹುಟ್ಟಿದಲ್ಲೇ ಎಳೆದುಕೊಳ್ಳುವ ಎಕ್ಸಾಸ್ಟ್ ಹುಡ್ ಮೂರನೆಯದು. ಕೆಲಸಗಾರರನ್ನು ಸರದಿಯಲ್ಲಿ ಬದಲಿಸುವುದು, ತರಬೇತಿ ಕೊಡುವುದು ನಾಲ್ಕನೆಯದು. ಮಾಸ್ಕ್ ಐದನೆಯದು, ಕಟ್ಟಕಡೆಯದು. ಚಾರ್ಟನ್ನು ಬುಡದಿಂದ ಓದಿದ ಸೂಪರ್‌ವೈಸರ್ ಮೊದಲ ದಿನವೇ ಮಾಸ್ಕ್ ಹಂಚಿ ಕೆಲಸ ಮುಗಿಯಿತು ಎನ್ನುತ್ತಾನೆ. ಸೆಕೆಯಲ್ಲಿ ಆ ಮಾಸ್ಕು ಮಧ್ಯಾಹ್ನದ ಹೊತ್ತಿಗೆ ಕೊರಳಿಗೆ ಇಳಿದಿರುತ್ತದೆ, ಹೊಗೆ ಅಲ್ಲೇ ಇರುತ್ತದೆ. ಈ ಹೈರಾರ್ಕಿಯಲ್ಲಿ ‘ಮೇಲೆ’ ಎಂದರೆ ಹೆಚ್ಚು ಪರಿಣಾಮಕಾರಿ ಎಂದು. ಚಿತ್ರ ಕೊಡುವವರು ಯಾವ ತುದಿಯಿಂದ ಶುರು ಎಂಬುದನ್ನು ಬಾಣ ಹಾಕಿ ತೋರಿಸಿಯೇ ಕೊಡಬೇಕು.

ಸೀನಿಯಾರಿಟಿ ಇವುಗಳಲ್ಲಿ ಯಾವುದೂ ಅಲ್ಲ. ಅದು ಕಾಲದ ಲೆಕ್ಕ: ಯಾರು ಮೊದಲು ಸೇರಿದರು, ಯಾರಿಗೆ ಮೊದಲು ಬಡ್ತಿ ಸಿಕ್ಕಿತು. ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿಗಳಲ್ಲಿ ಸೀನಿಯಾರಿಟಿ ಇದೆ, ಆದರೆ ತೀರ್ಪು ಬರೆಯುವಾಗ ಪ್ರತಿಯೊಬ್ಬರ ಅಭಿಪ್ರಾಯಕ್ಕೂ ಒಂದೇ ತೂಕ. ಮುಂಬಯಿಯ ಉಡುಪಿ ಹೋಟೆಲಿನೊಳಗೆ ಬನ್ನಿ. ಗಲ್ಲೆಯ ಮೇಲೆ ಮ್ಯಾನೇಜರ್, ಹೊರಗೆ ಕ್ಯಾಪ್ಟನ್, ಸಪ್ಲೈಯರ್‌ಗಳು, ಟೇಬಲ್ ಒರೆಸುವ ಹುಡುಗರು; ಒಳಗೆ ಭಟ್ಟರು. ಇಪ್ಪತ್ತು ವರ್ಷದಿಂದ ಇರುವ ಸಪ್ಲೈಯರ್ ನಿನ್ನೆ ಮೊನ್ನೆ ಬಂದ ಮ್ಯಾನೇಜರ್‌ಗಿಂತ ಸೀನಿಯರ್, ಹೈರಾರ್ಕಿಯಲ್ಲಿ ಕೆಳಗೆ. ಭಟ್ಟರು? ಅವರು ಯಾರಿಗೂ ಆರ್ಡರ್ ಹಾಕುವುದಿಲ್ಲ, ಅವರಿಗೂ ಯಾರೂ ಜೋರು ಮಾಡುವುದಿಲ್ಲ. ಅವರನ್ನು ಚಾರ್ಟಿನಲ್ಲಿ ಎಲ್ಲಿ ಬರೆದರೂ ಅರ್ಧ ಸುಳ್ಳಾಗುತ್ತದೆ.

ಸಮಾಜದ ವಿಷಯಕ್ಕೆ ಬಂದರೆ ಪದದ ಬಣ್ಣವೇ ಬದಲಾಗುತ್ತದೆ. ‘ಕಾಸ್ಟ್ ಹೈರಾರ್ಕಿ’ ಎಂಬಲ್ಲಿ ಅದು ಬರೀ ವರ್ಣನೆಯಾಗಿ ಉಳಿಯದು, ಆರೋಪವಾಗುತ್ತದೆ. ಅಂಬೇಡ್ಕರ್ ಇದನ್ನು ಗ್ರೇಡೆಡ್ ಇನ್‌ಈಕ್ವಾಲಿಟಿ ಎಂದರು, ಕನ್ನಡದಲ್ಲಿ ಶ್ರೇಣೀಕೃತ ಅಸಮಾನತೆ ಎಂದು ರೂಢಿಯಾಗಿದೆ. ಬರೀ ಮೇಲಿನವರು, ಕೆಳಗಿನವರು ಎಂದು ಎರಡೇ ಪಾಲಾಗಿದ್ದರೆ ಕೆಳಗಿನವರೆಲ್ಲ ಒಂದಾಗಬಹುದಿತ್ತು. ನಡುವಿನ ಪ್ರತಿಯೊಂದು ಮೆಟ್ಟಿಲಿಗೂ ತನಗಿಂತ ಕೆಳಗೆ ಇನ್ನೊಂದು ಸಿಗುವುದರಿಂದ ಹಾಗಾಗುವುದಿಲ್ಲ ಎಂಬುದು ಅವರ ವಾದದ ತಿರುಳು. ಮೈಸೂರಿನವರಾಗಿ ಬಾಂಬೆ ವಿಶ್ವವಿದ್ಯಾಲಯದಲ್ಲಿ ಘುರ‍್ಯೆಯವರ ಬಳಿ ಓದಿದ ಸಮಾಜಶಾಸ್ತ್ರಜ್ಞ ಎಂ. ಎನ್. ಶ್ರೀನಿವಾಸ್ ಇನ್ನೊಂದು ಅಂಶ ತೋರಿಸಿದರು: ಈ ಏಣಿಯ ಎರಡು ತುದಿಗಳು ಗಟ್ಟಿಯಾಗಿ ಕಂಡರೂ ನಡುವಿನ ಸ್ಥಾನಗಳು ಊರಿಂದೂರಿಗೆ ವಿವಾದದಲ್ಲೇ ಇರುತ್ತವೆ. ಮರಾಠಿಯಲ್ಲಿ ಇದಕ್ಕೆ ‘ಜಾತೀಚಿ ಉತರಂಡ’ ಎನ್ನುತ್ತಾರೆ. ಉತರಂಡ ಎಂದರೆ ಒಂದರ ಮೇಲೊಂದು ಇಟ್ಟ ಮಡಕೆಗಳ ಸಾಲು, ನಮ್ಮ ಅಡಕಲ ಗಡಿಗೆ. ಭಾರವೆಲ್ಲ ಬುಡದ ಮಡಕೆಯ ಮೇಲೆ ಎಂಬುದು ಆ ಪದದಲ್ಲೇ ಇದೆ. ಮರಾಠಿ ಬರಹ ಓದುವಾಗ ಆಫೀಸಿನ ಹೈರಾರ್ಕಿಗೆ ಈ ಪದ ಕಂಡರೆ ಬರೆದವರು ಕುಟುಕುತ್ತಿದ್ದಾರೆ ಎಂದು ತಿಳಿಯಿರಿ. ಸರ್ಕಾರಿ ಮರಾಠಿಯಲ್ಲಿ ಬಳಕೆಯಾಗುವುದು ಅಧಿಕಾರಶ್ರೇಣಿ, ಪದಾನುಕ್ರಮ.

ಕನ್ನಡದ ಪದಗಳನ್ನು ಲೆಕ್ಕಕ್ಕೆ ತಕ್ಕಂತೆ ಆರಿಸಿಕೊಳ್ಳಿ. ಆಜ್ಞೆಯದಾದರೆ ‘ಅಧಿಕಾರ ಶ್ರೇಣಿ’. ಮರ್ಯಾದೆಯದಾದರೆ ‘ಅಗ್ರತಾಕ್ರಮ’. ಮಹತ್ವದ್ದಾದರೆ ‘ಆದ್ಯತಾಕ್ರಮ’. ವರ್ಗೀಕರಣದಲ್ಲಿ ‘ಹಂತಗಳು’ ಎಂದರೆ ಸಾಕು. ಸಮಾಜದ ಮಾತಾದರೆ ‘ಶ್ರೇಣೀಕೃತ ವ್ಯವಸ್ಥೆ’, ಸ್ವಲ್ಪ ಖಾರ ಬೇಕಾದರೆ ‘ಏಣಿಶ್ರೇಣಿ’. ಬರೀ ‘ಶ್ರೇಣಿ’ ಎಂದು ಬರೆದರೆ ಓದುಗ ವೇತನ ಶ್ರೇಣಿ, ಪ್ರಥಮ ಶ್ರೇಣಿ, ಪರ್ವತ ಶ್ರೇಣಿ ಯಾವುದನ್ನಾದರೂ ನೆನೆಯಬಹುದು. ಮರಾಠಿ ಶಾಲೆಯಲ್ಲಿ ಓದಿದ ಮಕ್ಕಳಿಗಂತೂ ಅದು ಪರೀಕ್ಷೆಯ ಗ್ರೇಡ್. ನಿಮ್ಮ ಹಿರಿಯರು ಹೇಳಿದ ‘ತಾರತಮ್ಯ’ ಮಾಧ್ವ ಸಿದ್ಧಾಂತದ ಪದ. ತರ, ತಮ ಎಂಬ ಪ್ರತ್ಯಯಗಳಿಂದ ಆದದ್ದು: ಒಂದಕ್ಕಿಂತ ಒಂದು ಮೇಲು, ಎಲ್ಲಕ್ಕಿಂತ ಮೇಲು. ಹರಿ ಸರ್ವೋತ್ತಮ, ವಾಯು ಜೀವೋತ್ತಮ ಎಂದು ಶುರುವಾಗುವ ದೇವತಾ ತಾರತಮ್ಯ, ಆ ಒಂಬತ್ತು ಮೆಟ್ಟಿಲ ದೇವದೂತರಿಗೆ ಹೋಲಿಸಬಹುದಾದ ಕಟ್ಟಡವೇ. ಶಾಸ್ತ್ರದ ಬರಹದಲ್ಲಿ ಹೈರಾರ್ಕಿಗೆ ಅದಕ್ಕಿಂತ ಒಳ್ಳೆಯ ಕನ್ನಡ ಸಿಗದು. ಆದರೆ ಇವತ್ತಿನ ಪತ್ರಿಕೆಯ ಕನ್ನಡದಲ್ಲಿ ತಾರತಮ್ಯ ಎಂದರೆ ಭೇದಭಾವ. ‘ಪದಾಧಿಕಾರಿಗಳ ತಾರತಮ್ಯ’ ಎಂಬ ತಲೆಬರಹ ಕಂಡ ಸದಸ್ಯರು ದೂರಿನ ಅರ್ಜಿ ಎಂದುಕೊಂಡಾರು.

ಅಪ್ರೈಸಲ್‌ನ ಸಾಲಿಗೆ ಬರೋಣ. ‘ರೆಸ್ಪೆಕ್ಟ್ ಹೈರಾರ್ಕಿ’ ಎಂದು ಬರೆದಾಗ ಬಹುಪಾಲು ಮ್ಯಾನೇಜರ್‌ಗಳ ಮನಸ್ಸಿನಲ್ಲಿರುವುದು ವಿನಯದ ಕೊರತೆ ಅಲ್ಲ, ದಾರಿ ತಪ್ಪಿದ್ದು. ಅವರನ್ನು ದಾಟಿ ಅವರ ಬಾಸ್‌ಗೆ ನೇರ ಮೇಲ್ ಹೋಗಿರಬಹುದು, ಸಿಸಿಯಲ್ಲಿ ಮೇಲಿನವರ ಹೆಸರು ಸೇರಿರಬಹುದು, ಕ್ಲೈಂಟ್ ಕೇಳಿದ್ದಕ್ಕೆ ಅವರಿಗೆ ತಿಳಿಸದೆ ನೀವು ಹೂಂ ಅಂದಿರಬಹುದು. ‘ನಾನು ಎಲ್ಲರಿಗೂ ಗೌರವ ಕೊಡುತ್ತೇನೆ’ ಎಂದು ಉತ್ತರ ಬರೆದರೆ ಅವರು ಕೇಳದ ಪ್ರಶ್ನೆಗೆ ಉತ್ತರವಾಗುತ್ತದೆ. ಪದವನ್ನು ಬದಲಿಸಿ ಕೇಳಿ: ‘ರಿಪೋರ್ಟಿಂಗ್ 
ಲೈನ್ ದಾಟಿದ ಸಂದರ್ಭ ಯಾವುದೆಂದು ತಿಳಿಸಿದರೆ ಸರಿಪಡಿಸಿಕೊಳ್ಳುತ್ತೇನೆ; ಇಂಥ ವಿಷಯ ಮೊದಲು ಯಾರಿಗೆ ತಿಳಿಸಬೇಕು, ಎಷ್ಟು ಹೊತ್ತಿನಲ್ಲಿ ಉತ್ತರ ಬಾರದಿದ್ದರೆ ಅದರ ಮೇಲೆ ಯಾರಿಗೆ?’ ಎರಡನೆಯ ಅರ್ಧ ಮುಖ್ಯ. ಅದಕ್ಕೆ ಉತ್ತರ ಬರವಣಿಗೆಯಲ್ಲಿ ಬಂದರೆ ಅದೇ ನಿಮ್ಮ ಎಸ್ಕಲೇಶನ್ ಕ್ರಮವಾಗುತ್ತದೆ. ಸಂದರ್ಭ ಹೇಳಲು ಅವರಿಗೆ ಆಗದಿದ್ದರೆ ಆ ಸಾಲನ್ನು ತೆಗೆಯಿರಿ ಎಂದು ಎಚ್‌ಆರ್ ಮೂಲಕ ಕೇಳಲು ನಿಮಗೊಂದು ಆಧಾರ ಸಿಗುತ್ತದೆ. ಎರಡು ಬಾಸ್‌ಗಳಿರುವ ಮ್ಯಾಟ್ರಿಕ್ಸ್ ತಂಡ ನಿಮ್ಮದಾದರೆ ಯಾವ ವಿಷಯಕ್ಕೆ ಯಾವ ಬಾಸ್ ಎಂಬುದನ್ನೂ ಅದೇ ಮೇಲ್‌ನಲ್ಲಿ ಕೇಳಿ.

ಬೈಲಾದಲ್ಲಿ ‘ಹೈರಾರ್ಕಿ ಆಫ್ ಆಫೀಸ್ ಬೇರರ್ಸ್’ ಎಂಬ ತಲೆಬರಹವನ್ನೇ ತೆಗೆದುಬಿಡಿ. ಅಧ್ಯಕ್ಷ, ಉಪಾಧ್ಯಕ್ಷ, ಗೌರವ ಪ್ರಧಾನ ಕಾರ್ಯದರ್ಶಿ, ಗೌರವ ಕೋಶಾಧಿಕಾರಿ, ಜತೆ ಕಾರ್ಯದರ್ಶಿ, ಜತೆ ಕೋಶಾಧಿಕಾರಿ ಎಂಬ ನಮ್ಮ ಸಂಘಗಳ ಮಾಮೂಲಿ ಸಾಲು ಆಮಂತ್ರಣ ಪತ್ರಿಕೆಯ ಕ್ರಮ, ಅಂದರೆ ಮರ್ಯಾದೆಯ ಲೆಕ್ಕ. ಅದಕ್ಕೆ ಹೈರಾರ್ಕಿ ಎಂದು ಹೆಸರಿಟ್ಟರೆ ಉಪಾಧ್ಯಕ್ಷರು ಕಾರ್ಯದರ್ಶಿಯ ಕಾಗದಪತ್ರ ಕೇಳುತ್ತಾರೆ, ಅಧ್ಯಕ್ಷರು ಕೋಶಾಧಿಕಾರಿಗೆ ಒಬ್ಬರೇ ಹೇಳಿ ಹಣ ಬಿಡಿಸುತ್ತಾರೆ, ಇಬ್ಬರೂ ಬೈಲಾದ ಅದೇ ಕಲಂ ತೋರಿಸುತ್ತಾರೆ. ಬದಲಿಗೆ ಮೂರು ಬೇರೆ ಕಲಂ ಬರೆಯಿರಿ. ‘ಅಗ್ರತಾಕ್ರಮ’ದಲ್ಲಿ ವೇದಿಕೆ, ಪತ್ರಿಕೆಗಳ ಕ್ರಮ ಮಾತ್ರ. ‘ಅಧ್ಯಕ್ಷರ ಗೈರಿನಲ್ಲಿ’ ಎಂಬ ಕಲಮಿನಲ್ಲಿ ಸಭೆ ನಡೆಸುವವರು ಯಾರು, ಅವರೂ ಇಲ್ಲದಿದ್ದರೆ ಹಾಜರಿದ್ದವರು ಆರಿಸಿಕೊಂಡವರೇ ಎಂಬುದು. ‘ಹೊಣೆ’ ಎಂಬ ಕಲಮಿನಲ್ಲಿ ಯಾರು ಯಾರಿಗೆ ಲೆಕ್ಕ ಒಪ್ಪಿಸಬೇಕು ಎಂಬುದು: ಕೋಶಾಧಿಕಾರಿ ಕಾರ್ಯಕಾರಿ ಸಮಿತಿಗೆ, ಸಮಿತಿ ಮಹಾಸಭೆಗೆ. ಚೆಕ್ಕಿಗೆ ಅಧ್ಯಕ್ಷ, ಕಾರ್ಯದರ್ಶಿ, ಕೋಶಾಧಿಕಾರಿ ಮೂವರಲ್ಲಿ ಯಾರಾದರೂ ಇಬ್ಬರ ಸಹಿ ಎಂದು ಸ್ಪಷ್ಟವಾಗಿ ಹಾಕಿ, ಅದರಲ್ಲಿ ಕೋಶಾಧಿಕಾರಿಯ ಸಹಿ ಕಡ್ಡಾಯವೇ ಎಂಬುದನ್ನೂ ಬರೆಯಿರಿ. ತಕರಾರು ಏಳುವುದು ಹೆಚ್ಚಾಗಿ ‘ಕಡ್ಡಾಯ’ ಎಂಬ ಈ ಒಂದು ಪದ ಬಿಟ್ಟುಹೋದಲ್ಲಿ. ಎರಡು ಭಾಷೆಯ ಪಠ್ಯವಾದ್ದರಿಂದ ಅರ್ಥಭೇದ ಬಂದಾಗ ಯಾವ ಭಾಷೆಯದು ನಿಲ್ಲುತ್ತದೆ ಎಂಬ ಒಂದು ಸಾಲು ಕೊನೆಗೆ ಬೇಕೇ ಬೇಕು. ಸಂಘ ನೋಂದಣಿಯಾದದ್ದು ಯಾವ ಭಾಷೆಯ ಬೈಲಾದಿಂದ ಎಂದು ಹಳೆಯ ಫೈಲಿನಲ್ಲಿ ನೋಡಿಕೊಂಡು, ಮಹಾಸಭೆಯ ಮುಂದಿಡುವ ಮೊದಲೇ ಅದನ್ನು ತೀರ್ಮಾನಿಸಿಬಿಡಿ.